ದಿನ ತುಂಬದ ಕೂಸು



ಇವತ್ತು ನಾವು ಒಂದು ವರಾಂಡದ ಮಾತು ಹೇಳುತ್ತೇವೆ. ಹುಬ್ಬಳ್ಳಿಯ ಒಂದು ದವಾಖಾನೆ. ಅಲ್ಲಿ ಎಳೆಯ ಕೂಸುಗಳನ್ನು ಇಡುವ ಕೋಣೆ. ಕೋಣೆಯ ಹೊರಗೆ ವರಾಂಡ. ಅಲ್ಲಿ ನಾವು 62 ದಿವಸ ಕುಂತೆವು. ನಾವು ಅಂದರೆ ಯಾರು? ದಿನ ತುಂಬುವ ಮೊದಲೇ ಹಡೆದವರು. ಒಬ್ಬಾಕಿ ನವಲಗುಂದ ಕಡೆಯವಳು. ಒಬ್ಬಾಕಿ ಕಲಘಟಗಿ ಕಡೆಯವಳು. ಒಬ್ಬಾಕಿ ಹಳೇ ಹುಬ್ಬಳ್ಳಿಯವಳು. ಮತ್ತೆ ಸಾಲಿ ಕಲಿಸುವ ನಾವು, ಧಾರವಾಡದವರು. ಊರು ಬೇರೆ, ಜಾತಿ ಬೇರೆ. ಸಂಕಟ ಒಂದೇ.

ಕೂಸು ತಾಯಿಯ ಹೊಟ್ಟೆಯಲ್ಲಿ ಸುಮಾರು 40 ವಾರ ಇರಬೇಕು. 37 ವಾರ ತುಂಬುವ ಮೊದಲು ಹುಟ್ಟಿದರೆ ಅದು ದಿನ ತುಂಬದ ಕೂಸು. 28 ವಾರವೂ ತುಂಬದಿದ್ದರೆ ಬಹಳ ಎಳೆಯದು. ನಮ್ಮ ಕೂಸು 27 ವಾರಕ್ಕೆ ಬಂತು. ತೂಕ 900 ಗ್ರಾಂ. ಒಂದು ಕಿಲೊ ಸಕ್ಕರೆ ಪಾಕೀಟಿಗಿಂತ ಹಗುರ.

ಮೊದಲ ದಿನ ನಾವು ಒಳಗೆ ಹೋಗಲಿಲ್ಲ. ಹೆದರಿಕೆ. ಗಾಜಿನ ಪೆಟ್ಟಿಗೆ, ಮೂಗಿಗೆ ನಳಿಗೆ, ಕಾಲಿಗೆ ವೈರು. ಕಲಘಟಗಿಯ ತಂಗಿ ಪಕ್ಕಕ್ಕೆ ಬಂದು ಕುಂತಳು. ತನ್ನ ಚಹಾದಲ್ಲಿ ಅರ್ಧ ಕೊಟ್ಟಳು. "ನನ್ನ ಕೂಸು 22 ದಿನದ್ದು ಐತ್ರಿ. ನಾನೂ ನಿಮ್ಮಂಗ ಹೆದರಿದ್ದೆ. ಏಳ್ರಿ ಅಕ್ಕಾರ, ಕೂಡಿ ಹೋಗೂಣು" ಅಂದಳು. ಕೈ ಹೇಗೆ ತೊಳೆಯಬೇಕು ತೋರಿಸಿದಳು. ಯಾವ ನಳಿಗೆ ಯಾತಕ್ಕೆ ಅಂತ ಹೇಳಿದಳು. ಇಷ್ಟು ಎಳೆಯ ಕೂಸಿಗೆ ಚೀಪಿ ನುಂಗಲು ಬರುವುದಿಲ್ಲ. ಅದಕ್ಕೇ ನಳಿಗೆಯಲ್ಲಿ ಹಾಲು. ಅದರ ಪುಪ್ಪುಸ ಬಲಿತಿರುವುದಿಲ್ಲ. ಅದಕ್ಕೇ ಉಸಿರಿಗೆ ಯಂತ್ರ. ಇದನ್ನು ಡಾಕ್ಟರರೂ ಹೇಳಿದ್ದರು. ಆದರೆ ಆ ದಿನ ನಮ್ಮ ಕಿವಿಗೆ ಬಿದ್ದದ್ದು ಆಕೆಯ ಮಾತೇ.

ಮನೆಯಲ್ಲಿ ಬೇರೆ ಮಾತು. ಗ್ರಹಣದಾಗ ಹೊರಗ ಬಂದಿದ್ದಿ, ಪರಂಗಿ ಹಣ್ಣು ತಿಂದಿದ್ದಿ, ಯಾರದೋ ಕಣ್ಣು ಬಿತ್ತು. ಏಳು ತಿಂಗಳದ್ದು ಉಳೀತದ, ಎಂಟು ತಿಂಗಳದ್ದು ಉಳಿಯೂದಿಲ್ಲ ಅಂತಲೂ ಅನ್ನುತ್ತಾರೆ. ಅದು ಸುಳ್ಳು. ಹೊಟ್ಟೆಯಲ್ಲಿ ಒಂದು ವಾರ ಹೆಚ್ಚು ಇದ್ದರೆ ಕೂಸಿಗೆ ಅಷ್ಟು ಬಲ ಹೆಚ್ಚು. ರಕ್ತದ ಒತ್ತಡ ಏರಿದರೆ, ನಂಜು ಆದರೆ, ಅವಳಿ ಇದ್ದರೆ ಹೆರಿಗೆ ಬೇಗ ಆಗಬಹುದು. ಎಷ್ಟೋ ಸಲ ಕಾರಣವೇ ಸಿಗುವುದಿಲ್ಲ. ಹಳೇ ಹುಬ್ಬಳ್ಳಿಯ ತಂಗಿಗೆ ಅತ್ತೆ ದಿನಾ ಬೈಯುತ್ತಿದ್ದರು. ಒಂದು ದಿನ ನಾವು ನಾಲ್ಕೂ ಮಂದಿ ಆ ಅತ್ತೆಯನ್ನು ನಡುವೆ ಕುಂಡ್ರಿಸಿಕೊಂಡೆವು. "ಅತ್ತಿ, ನಾವು ನಾಲ್ಕೂ ಮಂದಿ ಪರಂಗಿ ತಿಂದಿಲ್ಲ" ಅಂದೆವು. ಆಮೇಲೆ ಅವರೇ ಎಲ್ಲರಿಗೂ ರೊಟ್ಟಿ ಬುತ್ತಿ ತಂದರು.

ಹಾಲಿನ ಕೆಲಸ ದೊಡ್ಡದು. ಕೂಸು ಚೀಪದಿದ್ದರೂ ತಾಯಿ ಎರಡು ಮೂರು ತಾಸಿಗೊಮ್ಮೆ ಕೈಯಿಂದ ಹಾಲು ಹಿಂಡಬೇಕು. ರಾತ್ರಿಯೂ ಹಿಂಡಬೇಕು. ಮೊದಲು ನಾಲ್ಕು ಹನಿ ಬರುತ್ತದೆ. ಆ ಹಳದಿ ಹಾಲನ್ನು ಚೆಲ್ಲಬಾರದು. ರಾತ್ರಿ ಎರಡಕ್ಕೆ ಯಾರಿಗೆ ಎಚ್ಚರ ಆಗುತ್ತದೆ? ನಾವು ಪಾಳಿ ಮಾಡಿಕೊಂಡೆವು. ಒಬ್ಬಾಕಿ ಎದ್ದು ಮೂವರನ್ನು ಎಬ್ಬಿಸುವುದು.

ನವಲಗುಂದದ ತಂಗಿಗೆ ಓದು ಬರುತ್ತಿರಲಿಲ್ಲ. ಕೂಸಿನ ತೂಕ ದಿನಾ ಕಾಗದದಲ್ಲಿ ಬರೆಯುತ್ತಿದ್ದರು. ಕೇಳಲು ಆಕೆಗೆ ನಾಚಿಕೆ. ನಾವು ಒಂದು ವಹಿ ತಂದೆವು. ಒಂದರಿಂದ ಒಂಬತ್ತು, ಮತ್ತೆ ಸೊನ್ನೆ. ಎಂಟು ದಿನದಲ್ಲಿ ಆಕೆ ತಾನೇ ಓದಿದಳು. 840. ಮರುದಿನ 825. ಗೊಳೋ ಅಂತ ಅತ್ತಳು. ಒಂದೊಂದು ದಿನ ತೂಕ ಇಳಿಯುತ್ತದೆ, ಏರುತ್ತದೆ, ವಾರದ ಲೆಕ್ಕ ನೋಡಬೇಕು ಅಂತ ಸಿಸ್ಟರ್ ಹೇಳಿದರು. ಅಂದಿನಿಂದ ಆಕೆ ನಾಲ್ಕೂ ಕೂಸುಗಳ ತೂಕ ಬರೆಯತೊಡಗಿದಳು.

ಕೂಸು ಸ್ವಲ್ಪ ಗಟ್ಟಿಯಾದ ಮೇಲೆ ಎದೆಯ ಮೇಲೆ ಹಾಕಿಕೊಳ್ಳಲು ಹೇಳಿದರು. ಮೈಗೆ ಮೈ ತಾಗಬೇಕು. ತಲೆಗೆ ಕುಲಾಯಿ, ಮೇಲೆ ಸೀರೆ. ಇದಕ್ಕೆ ಕಾಂಗರೂ ಆರೈಕೆ ಅನ್ನುತ್ತಾರೆ. ಕಾಂಗರೂ ಎಂಬ ಪ್ರಾಣಿ ಮರಿಯನ್ನು ಹೊಟ್ಟೆಯ ಚೀಲದಲ್ಲಿ ಇಟ್ಟುಕೊಂಡು ಬೆಳೆಸುತ್ತದೆ. ಕೊಲಂಬಿಯಾ ದೇಶದ ಬೊಗೋಟಾ ಊರಲ್ಲಿ 1978ರ ಸುಮಾರಿಗೆ ಇದು ಶುರುವಾಯಿತು. ಅಲ್ಲಿ ಗಾಜಿನ ಪೆಟ್ಟಿಗೆ ಸಾಲುತ್ತಿರಲಿಲ್ಲ. ತಾಯಿಯ ಎದೆಯೇ ಪೆಟ್ಟಿಗೆ ಆಯಿತು. ಭಾರತ ಸೇರಿ ಐದು ದೇಶಗಳಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದರು. 2021ರಲ್ಲಿ ಅದರ ಫಲ ಪ್ರಕಟವಾಯಿತು. ಒಂದು ಕಿಲೊ ಮೀರಿದ ಸಣ್ಣ ಕೂಸುಗಳನ್ನು ಹುಟ್ಟಿದ ಕೂಡಲೇ ಎದೆಗೆ ಹಾಕಿದರೆ ಸಾವು ನಾಲ್ಕನೇ ಒಂದು ಪಾಲು ಕಡಿಮೆ. ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಸರಕಾರಿ ದವಾಖಾನೆಗಳಲ್ಲಿ ಇದನ್ನು ಮಾಡಿ ತೋರಿಸ್ಯಾರ.

ಅಪ್ಪನೂ ಮಾಡಬಹುದು. ಹಳೇ ಹುಬ್ಬಳ್ಳಿಯ ತಂಗಿಯ ಗಂಡ ಆಟೋ ಹೊಡೆಯುವವರು. ಅಂಗಿ ಬಿಚ್ಚಲು ಅವರಿಗೆ ಭಾಳ ನಾಚಿಕೆ. ಆದರೆ ಒಮ್ಮೆ ಕೂಸನ್ನು ಹಾಕಿಕೊಂಡವರು ಎರಡು ತಾಸು ಅಲುಗಾಡಲಿಲ್ಲ. ಅದಕ್ಕೂ ಮೊದಲು ಆ ತಂಗಿ "ಇವರಿಗೆ ಕಳ್ಳೇ ಇಲ್ಲ, ಒಂದು ಹನಿ ಕಣ್ಣೀರು ಹಾಕಲಿಲ್ಲ" ಅನ್ನುತ್ತಿದ್ದಳು. ನಮ್ಮ ಯಜಮಾನರು ಹೇಳಿದರು, ಹೊರಗೆ ಚಹಾದ ಅಂಗಡಿಯ ಹಿಂದೆ ನಿಂತು ಗಂಡಸರು ಅಳುತ್ತಾರೆ ಅಂತ. ನಮಗೆ ಗೊತ್ತೇ ಇರಲಿಲ್ಲ.

ಎಲ್ಲ ಕೂಸು ಉಳಿಯುವುದಿಲ್ಲ. ಇದನ್ನು ಮುಚ್ಚಿಡಬಾರದು. ಎಲ್ಲರಿಗೂ ಧೈರ್ಯ ಹೇಳಿದ ಕಲಘಟಗಿಯ ತಂಗಿಯ ಕೂಸು 31ನೇ ದಿನ ನಂಜಾಗಿ ತೀರಿತು. ನಮಗೆ ಏನು ಹೇಳಬೇಕು ತಿಳಿಯಲಿಲ್ಲ. "ಮತ್ತೊಂದು ಆಗ್ತದ ಬಿಡವ್ವ" ಅಂದುಬಿಟ್ಟೆವು. ಅದು ತಪ್ಪಾಯಿತು. "ನನಗ ಮತ್ತೊಂದು ಬ್ಯಾಡಾಗಿತ್ತು ಅಕ್ಕಾರ, ಅದೇ ಬೇಕಾಗಿತ್ತು" ಅಂತ ಎಷ್ಟೋ ತಿಂಗಳ ಮೇಲೆ ಹೇಳಿದಳು. ಆಕೆಯ ಎದೆಯಲ್ಲಿ ಹಾಲು ನಿಂತಿರಲಿಲ್ಲ. ಕೂಸಿಲ್ಲದೆ ಹಾಲು ಬರುವುದು ಎಂಥ ಸಂಕಟ. ಆ ರಾತ್ರಿ ನಾವು ಆಕೆಯ ಹತ್ತಿರ ಸುಮ್ಮನೆ ಕುಂತೆವು. ಆಕೆ ಕೂಸಿನ ಮೂಗು, ಬೆರಳು, ಕೂದಲು ಎಲ್ಲ ಹೇಳಿದಳು. ನಾವು ಕೇಳಿದೆವು. ಅಷ್ಟೇ ನಮ್ಮ ಕೈಲಾದದ್ದು.

ಮನೆಗೆ ಬಂದ ಮೇಲೂ ಕೆಲಸ ಇರುತ್ತದೆ. ದಿನ ತುಂಬದ ಕೂಸಿನ ಕಣ್ಣನ್ನು ತಿಂಗಳೊಳಗೆ ತೋರಿಸಬೇಕು. ಬಹಳ ಸಣ್ಣದಿದ್ದರೆ ಇನ್ನೂ ಮೊದಲೇ ತೋರಿಸಬೇಕು. ಕಣ್ಣಿನ ಹಿಂದಿನ ಪೊರೆಯ ರಕ್ತನಾಳ ಕೆಟ್ಟು ಕೂಸು ಕುರುಡಾಗಬಹುದು. ಹೊತ್ತಿಗೆ ಸರಿಯಾಗಿ ತಿಳಿದರೆ ಲೇಸರ್ ಮಾಡುತ್ತಾರೆ. ಬೆಂಗಳೂರಿನ ನಾರಾಯಣ ನೇತ್ರಾಲಯದವರು 2008ರಿಂದ ಊರೂರಿಗೆ ಕ್ಯಾಮೆರಾ ಒಯ್ದು ಇಂಥ ಕೂಸುಗಳ ಕಣ್ಣು ನೋಡುವ ಕೆಲಸ ಶುರು ಮಾಡಿದರು. ಮೊದಲ ಸಲ ನೋಡಿದ ಮೇಲೆ ಮತ್ತೆ ಬರಲು ಹೇಳಿದ ತಾರೀಖು ನಾವು ಮರೆತಿದ್ದೆವು. ಓದಿದವರು, ನೋಡ್ರಿ! ನವಲಗುಂದದ ತಂಗಿ ವಹಿಯಲ್ಲಿ ಬರೆದಿಟ್ಟಿದ್ದಳು.

ಇನ್ನೊಂದು ಲೆಕ್ಕ. ಕೂಸು ಯಾವಾಗ ಕೂಡುತ್ತದೆ, ನಡೆಯುತ್ತದೆ ಎಂಬುದನ್ನು ಹುಟ್ಟಬೇಕಾಗಿದ್ದ ದಿನದಿಂದ ಎಣಿಸಬೇಕು. ಲಸಿಕೆ ಮಾತ್ರ ಹುಟ್ಟಿದ ದಿನದ ಲೆಕ್ಕದಿಂದಲೇ. ಹಾಲು ಬಿಟ್ಟರೆ, ಮೈ ತಣ್ಣಗಾದರೆ, ಉಸಿರು ಜೋರಾದರೆ ಕಾಯಬಾರದು. 108ಕ್ಕೆ ಫೋನ್ ಮಾಡಬೇಕು. 2011ರಿಂದ ಸರಕಾರಿ ದವಾಖಾನೆಯಲ್ಲಿ ಕಾಯಿಲೆಯ ಎಳೆ ಕೂಸಿಗೆ ಔಷಧ, ರಕ್ತ, ವಾಹನ ಪುಕ್ಕಟೆ. ನಿಮ್ಮ ಓಣಿಯ ಆಶಾ ಅಕ್ಕನನ್ನು ಕೇಳ್ರಿ.

ನಮ್ಮ ಮಗಳಿಗೆ ಈಗ ಮೂರು ವರ್ಷ. ನಾಲ್ಕೂ ಮಂದಿ ಇನ್ನೂ ಫೋನಿನಲ್ಲಿ ಮಾತಾಡುತ್ತೇವೆ. ಕಲಘಟಗಿಯ ತಂಗಿ ಮತ್ತೆ ಬಸುರಿ. ಪ್ರತಿ ಭಾನುವಾರ ಫೋನ್ ಮಾಡಿ ವಾರದ ಲೆಕ್ಕ ಹೇಳುತ್ತಾಳೆ. ಹೋದ ಭಾನುವಾರ 31 ಅಂದಳು.