‘ಚೆನ್ನಾಗಿದೆ’ ಎಂದರೆ ಸಾಲದು
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಈ ಮಹೋತ್ಸವಕ್ಕೆಂದು ಎಂಟನೇ ತರಗತಿಯ ಕೊಠಡಿಯಲ್ಲಿ ಮಕ್ಕಳು ಮತ್ತು ಹಳೆಯ ವಿದ್ಯಾರ್ಥಿಗಳು ತೆಗೆದ ಹೂವು, ಹಕ್ಕಿ, ಹಳ್ಳ, ಮರಗಳ ಫೋಟೋ ತೂಗುಹಾಕಿದ್ದಾರೆ. ಅದರ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಸಮಿತಿಯವರು ಕರೆದರು. ನಾನು ಅಂಚೆ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು. ಫೋಟೋ ನನಗೆ ಭಾನುವಾರದ ಹುಚ್ಚು ಅಷ್ಟೆ. ಕ್ಯಾಮೆರಾ ಹಿಡಿಯುವ ಪಾಠ ಮಾಡುವಷ್ಟು ದೊಡ್ಡವನಲ್ಲ. ಒಬ್ಬರು ತೆಗೆದ ಚಿತ್ರ ನೋಡಿ ಇನ್ನೊಬ್ಬರು ಏನು ಹೇಳಬೇಕು, ಹೇಳಿಸಿಕೊಂಡವರು ಏನು ಮಾಡಬೇಕು ಎಂಬುದನ್ನು ಮಾತ್ರ ನನ್ನ ಅನುಭವದಿಂದ ಹೇಳುತ್ತೇನೆ. ಅದರಲ್ಲಿ ಒಂದು ನನ್ನ ತಪ್ಪೊಪ್ಪಿಗೆಯೂ ಇದೆ.

ಆಗ ಫಿಲಂ ಕಾಲ. ಒಂದು ರೋಲಿಗೆ 36 ಚಿತ್ರ. ಸಂಬಳ ಬಂದ ತಿಂಗಳು ಒಂದು ರೋಲು, ಅದನ್ನು ತೊಳೆಸುವುದಕ್ಕೆ ಮುಂದಿನ ಸಂಬಳ. ಒಂದು ಮಳೆಗಾಲದಲ್ಲಿ ಬೇಲಿಯ ಮೇಲೆ ಹಬ್ಬಿದ್ದ ಗೌರಿ ಹೂವನ್ನು ತೆಗೆದು, ದೊಡ್ಡದು ಮಾಡಿಸಿ, ಪಟ್ಟಣದ ಒಂದು ಪ್ರದರ್ಶನಕ್ಕೆ ಕೊಟ್ಟೆ. ನೋಡಿದವರೆಲ್ಲ ‘ಚೆನ್ನಾಗಿದೆ’ ಎಂದರು. ಒಬ್ಬ ಹಿರಿಯರು ಮಾತ್ರ ಐದು ನಿಮಿಷ ಅದರ ಮುಂದೆಯೇ ನಿಂತರು. ಆಮೇಲೆ ಕೇಳಿದರು: “ಈ ಹೂವಿಗೆ ಕೇಸರ ಎಷ್ಟಪ್ಪ?”

ನನಗೆ ಗೊತ್ತಿರಲಿಲ್ಲ. “ಆರು. ನಿನ್ನ ಚಿತ್ರದಲ್ಲಿ ನಾಲ್ಕು ಕಾಣ್ತಿದೆ. ಇದರ ಶಲಾಕೆ ಬುಡದಲ್ಲೇ ಮುರಿದ ಹಾಗೆ ಪಕ್ಕಕ್ಕೆ ಬಾಗಿರುತ್ತೆ, ಈ ಹೂವಿನ ವಿಶೇಷವೇ ಅದು. ಅದು ಕಾಣ್ತಾನೇ ಇಲ್ಲ. ಬಣ್ಣ ಚೆನ್ನಾಗಿ ಬಂದಿದೆ. ಆದರೆ ನೀನು ನಿಂತುಕೊಂಡು ತೆಗೆದಿದ್ದೀಯ. ಮುಂದಿನ ಸಲ ಕೂತ್ಕೊ” ಎಂದರು.

ಊರಿಗೆ ಬರುವ ಬಸ್ಸಿನಲ್ಲಿ ನಾನು ಯಾರ ಜೊತೆಗೂ ಮಾತಾಡಲಿಲ್ಲ. ಇವರಿಗೇನು ಗೊತ್ತು ಎಂದು ಸಿಟ್ಟು. ರಾತ್ರಿ ಊಟವಾದ ಮೇಲೆ ಚಿತ್ರ ತೆಗೆದು ನೋಡಿದೆ. ಅವರು ಹೇಳಿದ್ದು ಅಕ್ಷರಶಃ ನಿಜ. ಆದರೆ ಹೂವಿನ ಕಾಲ ಮುಗಿದಿತ್ತು. ಬಳ್ಳಿ ಒಣಗಿ, ಗೆಡ್ಡೆ ನೆಲದೊಳಗೆ ಉಳಿದು, ಮತ್ತೆ ಮಳೆ ಬಿದ್ದ ಮೇಲೇ ಅದು ಚಿಗುರುವುದು. ಒಂದು ವರ್ಷ ಕಾದೆ. ಮರುವರ್ಷ ಕೆಸರಿನಲ್ಲಿ ಮಂಡಿಯೂರಿ ಕೂತಾಗ ಹಳದಿಯಿಂದ ಕೆಂಪಿಗೆ ತಿರುಗುವ ಆ ಅಂಕುಡೊಂಕು ದಳಗಳನ್ನು, ಬಾಗಿದ ಶಲಾಕೆಯನ್ನು ಮೊದಲ ಬಾರಿಗೆ ಕಣ್ಣಿಟ್ಟು ನೋಡಿದೆ. ಅವರು ತಿದ್ದಿದ್ದು ನನ್ನ ಚಿತ್ರವನ್ನಷ್ಟೇ ಅಲ್ಲ ಎಂದು ಆಗ ಗೊತ್ತಾಯಿತು.

ಈಗ ನನ್ನ ತಪ್ಪು ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಒಂದು ಮದುವೆ ಮನೆಯಲ್ಲಿ ನನ್ನ ತಂಗಿಯ ಮಗ ಮೊಬೈಲ್ ಹಿಡಿದುಕೊಂಡು ಬಂದ. ಆಗ ಪಿಯುಸಿ ಓದುತ್ತಿದ್ದ. “ಮಾವ, ಇದು ನೋಡಿ” ಎಂದ. ತುಂಬೆ ಹೂವಿನ ಮೇಲೆ ಒಂದು ಜೇನುಹುಳು. ನನ್ನ ಬಾಯಲ್ಲಿ ಎಲೆಯಡಿಕೆ, ಸುತ್ತ ನಾಲ್ಕು ಜನ ನೆಂಟರು. ದೊಡ್ಡಸ್ತಿಕೆಯಿಂದ, “ಇದರಲ್ಲೇನಿದೆಯೋ? ಎಲ್ಲಾ ಮಸುಕು. ಡಿಲೀಟ್ ಮಾಡು” ಅಂದುಬಿಟ್ಟೆ. ನೆಂಟರು ನಕ್ಕರು. ಅವನು ನನ್ನ ಎದುರಿಗೇ ಡಿಲೀಟ್ ಮಾಡಿದ.

ಅದಕ್ಕಾಗಿ ಹುಡುಗ ಒಂದು ವಾರ ಬೆಳಿಗ್ಗೆ ಎದ್ದು ಗದ್ದೆಯ ಬದುವಿಗೆ ಹೋಗಿದ್ದ ಎಂದು ತಂಗಿ ಆಮೇಲೆ ಹೇಳಿದಳು. ಅವನು ಮತ್ತೆ ಯಾರಿಗೂ ಫೋಟೋ ತೋರಿಸಲಿಲ್ಲ. ಆ ಗದ್ದೆ ಈಗ ಅಡಿಕೆ ತೋಟವಾಗಿದೆ. ಕಳೆನಾಶಕ ಹೊಡೆದ ಮೇಲೆ ಬದುವಿನಲ್ಲಿ ತುಂಬೆ ಇಲ್ಲ. ಮಸುಕಾಗಿದ್ದರೂ ಆ ಬದುವಿನ ತುಂಬೆಗೆ ಇದ್ದ ಒಂದೇ ದಾಖಲೆ ಅದು. ನಾನು ಅಳಿಸಿ ಹಾಕಿಸಿದೆ. ಎರಡು ವರ್ಷ ಬಿಟ್ಟು ಅವನ ಬಳಿ, ತಪ್ಪಾಯಿತು ಕಣೋ ಎಂದೆ. “ಇರ್ಲಿ ಬಿಡಿ ಮಾವ, ಅದು ಮಸುಕಾಗೇ ಇತ್ತು” ಎಂದ. ಇವತ್ತಿನ ಪ್ರದರ್ಶನಕ್ಕೆ ಏನಾದರೂ ಕೊಡು ಎಂದು ಕೇಳಿದ್ದೆ. ಕೊಡಲಿಲ್ಲ.

ಆ ಹಿರಿಯರು ಹೇಳಿದ್ದೂ ತಪ್ಪು ತೋರಿಸುವ ಮಾತೇ, ನಾನು ಹೇಳಿದ್ದೂ ಅದೇ. ವ್ಯತ್ಯಾಸ ಎಲ್ಲಿದೆ? ಅವರು ಮೊದಲು ಐದು ನಿಮಿಷ ನೋಡಿದರು. ಚೆನ್ನಾಗಿದ್ದದ್ದನ್ನು ಹೆಸರಿಟ್ಟು ಹೇಳಿದರು. ನಾಳೆಯೇ ಮಾಡಬಹುದಾದ ಒಂದು ಕೆಲಸ ಕೊಟ್ಟರು. ನಾನು ಅರೆಗಳಿಗೆಯೂ ನೋಡಲಿಲ್ಲ. ‘ಗಾಳಿ ಏಳುವ ಮೊದಲೇ ತೆಗಿ, ನೆತ್ತಿಯ ಬಿಸಿಲಿನಲ್ಲಿ ಬಿಳಿ ಹೂವಿನ ಗೆರೆಗಳೆಲ್ಲ ಕರಗಿಹೋಗುತ್ತವೆ, ಮೋಡದ ನೆರಳಿಗೆ ಕಾಯಿ, ಹುಳುವಿನ ಕಣ್ಣಿಗೆ ಫೋಕಸ್ ಮಾಡು’ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು.

ಹಾಗೆಂದು ಎಲ್ಲವನ್ನೂ ಹೊಗಳಿ ಎನ್ನುವುದಿಲ್ಲ. ಮರದ ಮೇಲಿನ ಸೀತಾಳೆ ದಂಡೆಯನ್ನು ಕಿತ್ತು ತಂದು ಅಂಗಳದಲ್ಲಿಟ್ಟು ಫೋಟೋ ತೆಗೆದರೆ ಅದನ್ನು ಖಂಡಿತವಾಗಿ ಹೇಳಬೇಕು. ಗೂಡಿನ ಮುಂದಿನ ಎಲೆ ಸವರಿ ಮರಿಗಳ ಚಿತ್ರ ತೆಗೆದರೂ ಅಷ್ಟೆ. ಸ್ಪರ್ಧೆಗಳ ನಿಸರ್ಗ ವಿಭಾಗದಲ್ಲಿ ಚಿತ್ರಕ್ಕೆ ಏನನ್ನೂ ಸೇರಿಸುವಂತಿಲ್ಲ, ಅಂಚು ಕತ್ತರಿಸುವುದನ್ನು ಬಿಟ್ಟರೆ ಏನನ್ನೂ ತೆಗೆಯುವಂತಿಲ್ಲ. ತೋಟದಲ್ಲಿ ಬೆಳೆಸಿದ ಹೈಬ್ರಿಡ್ ಗುಲಾಬಿಗೂ ಅಲ್ಲಿ ಸಾಮಾನ್ಯವಾಗಿ ಜಾಗವಿಲ್ಲ. ಮಗುವಿನ ಗುಲಾಬಿ ತಿರಸ್ಕಾರವಾದರೆ ಕಾರಣ ಇದು ಎಂದು ತಿಳಿಸಬೇಕು. ಇಲ್ಲದಿದ್ದರೆ ಅದು ತನ್ನ ಕಣ್ಣನ್ನೇ ಅನುಮಾನಿಸುತ್ತದೆ.

ಹೇಳಿಸಿಕೊಳ್ಳುವವರಿಗೂ ಒಂದು ಮಾತು. ತಕ್ಷಣ ಉತ್ತರ ಕೊಡಬೇಡಿ. ಒಂದು ರಾತ್ರಿ ಕಳೆಯಲಿ. ಸಂಬಂಧವಿಲ್ಲದ ಇಬ್ಬರು ಒಂದೇ ದೋಷ ಹೇಳಿದರೆ ಮತ್ತೆ ನೋಡಿ. ಒಬ್ಬರಿಗೆ ಹಿಡಿಸಲಿಲ್ಲ ಎಂಬುದು ಮಾತ್ರ ದೋಷವಲ್ಲ. ನನ್ನ ಹಾಗೆ ಯಾರಾದರೂ ‘ಡಿಲೀಟ್ ಮಾಡು’ ಎಂದರೆ ದಯವಿಟ್ಟು ಮಾಡಬೇಡಿ. ನಮ್ಮ ನಾಡಿನ ಹೆಸರಾಂತ ವನ್ಯಜೀವಿ ಛಾಯಾಗ್ರಾಹಕ ಟಿ.ಎನ್.ಎ. ಪೆರುಮಾಳ್ ಅವರೂ ಒ.ಸಿ. ಎಡ್ವರ್ಡ್ಸ್ ಅವರ ಕೈಕೆಳಗೆ ಕಲಿತವರು. ಮುಂದೆ ತಾವೂ ಅನೇಕರಿಗೆ ಕಲಿಸಿದರು. ತಿದ್ದಿಸಿಕೊಳ್ಳದೆ ಯಾರೂ ಬೆಳೆದಿಲ್ಲ.

ಇದೆಲ್ಲ ನಾನು ಹೊಸದಾಗಿ ಕಂಡುಹಿಡಿದದ್ದಲ್ಲ. ಇದೇ ಶಾಲೆಯಲ್ಲಿ ನಮ್ಮ ಕನ್ನಡ ಮೇಷ್ಟ್ರು ಪ್ರಬಂಧದ ಪುಸ್ತಕದಲ್ಲಿ ಮೊದಲು ಒಳ್ಳೆಯ ವಾಕ್ಯದ ಪಕ್ಕ ಒಂದು ಗೀಟು ಎಳೆಯುತ್ತಿದ್ದರು. ಆಮೇಲೆ ಕೆಂಪು ಶಾಯಿ ಕಾಗುಣಿತದ ಮೇಲೆ ಓಡುತ್ತಿತ್ತು. ಪುಟವೆಲ್ಲ ಕೆಂಪಾದರೂ ಆ ಒಂದು ಗೀಟಿಗಾಗಿ ನಾವು ಮುಂದಿನ ಪ್ರಬಂಧ ಬರೆಯುತ್ತಿದ್ದೆವು. ಮದುವೆ ಮನೆಯಲ್ಲಿ ಅದು ನನಗೆ ನೆನಪಾಗಬೇಕಿತ್ತು.

ಕೊನೆಯದಾಗಿ ಊರವರಲ್ಲಿ ಒಂದು ವಿನಂತಿ. ಪ್ರತಿ ಚಿತ್ರದ ಕೆಳಗೆ ಒಂದು ಖಾಲಿ ಹಾಳೆ ಅಂಟಿಸಿದ್ದೇವೆ. ‘ಸೂಪರ್’ ಎಂದು ಬರೆದು ಹೋಗಬೇಡಿ. ನಿಮಗೆ ಕಂಡದ್ದು ಒಂದು, ಕಾಣದೆ ಹೋದದ್ದು ಒಂದು, ಇಷ್ಟು ಬರೆಯಿರಿ. ನಮಗೆ ಫೋಟೋ ಗೊತ್ತಿಲ್ಲ ಎಂದು ಸುಮ್ಮನಾಗಲೂ ಬೇಡಿ. ನಿಮಗೆ ಹೂವು ಗೊತ್ತು. ಬೆಳಿಗ್ಗೆ ಒಬ್ಬ ಅಜ್ಜಿ ಗೌರಿ ಹೂವಿನ ಚಿತ್ರದ ಮುಂದೆ ನಿಂತು, “ನಾವು ಇದನ್ನ ಕೋಳಿಕುಟುಮ ಅಂತೀವಿ. ಗೆಡ್ಡೆ ಬಾಯಿಗೆ ಹಾಕೀಯ ಮಗ, ವಿಷ” ಎಂದರು. ಚಿತ್ರ ತೆಗೆದ ಹುಡುಗಿ ಅದನ್ನು ಆ ಹಾಳೆಯಲ್ಲಿ ಬರೆದುಕೊಂಡಳು. ಹೋಗುವಾಗ ಅದನ್ನೂ ಓದಿ.