ತದಡಿಯೋ, ಶಿರಸಿಯೋ?



ಅಡಿಕೆ ತೋಟಗಳಿಗೆ ಎಲೆಚುಕ್ಕಿ ರೋಗ ವ್ಯಾಪಿಸಿದ ಈಚಿನ ವರ್ಷಗಳಲ್ಲಿ ಘಟ್ಟದ ಮೇಲಿನ ಅನೇಕ ಮನೆಗಳಲ್ಲಿ ಒಂದು ಪ್ರಶ್ನೆ ಪದೇ ಪದೇ ಏಳುತ್ತಿದೆ. ಊರು ಬಿಡುವುದೇ ಆದರೆ ನೆಲೆಸುವುದು ಎಲ್ಲಿ? ಮನೆಯ ಹಿರಿಯರು ಸಾಮಾನ್ಯವಾಗಿ ಶಿರಸಿಯ ಹೆಸರು ಹೇಳುತ್ತಾರೆ. ಪೇಟೆ ಪರಿಚಯದ್ದು, ಶಾಲೆ, ಆಸ್ಪತ್ರೆ, ಅಡಿಕೆ ವಖಾರಿ ಎಲ್ಲವೂ ಕೈಗೆಟಕುವಂಥವು. ಕಿರಿಯರಲ್ಲಿ ಕೆಲವರ ಲಕ್ಷ್ಯ ಘಟ್ಟದ ಕೆಳಗಿದೆ: ಗೋಕರ್ಣದ ಪಕ್ಕದ ತದಡಿ ಬಂದರು, ಅದರ ಆಚೆ ದಡದ ಅಘನಾಶಿನಿ ಗ್ರಾಮ. ಬೆಂಗಳೂರಿನ ವಿಚಾರ ಬೇರೆಯೇ. ಅದನ್ನು ಇಲ್ಲಿ ಎತ್ತುವುದು ಬೇಡ.

ಈ ಎರಡೂ ಊರುಗಳನ್ನು ಒಂದೇ ನದಿ ಬೆಸೆದಿದೆ ಎಂಬುದನ್ನು ಮೊದಲು ನೆನೆಯಬೇಕು. ಅಘನಾಶಿನಿಯ ಒಂದು ಮೂಲ ಶಿರಸಿಯ ಶಂಕರಹೊಂಡದಲ್ಲಿದೆ, ಇನ್ನೊಂದು ಮಂಜುಗುಣಿಯ ಕಡೆಯಿಂದ ಬರುತ್ತದೆ. ಉಂಚಳ್ಳಿಯಲ್ಲಿ ಧುಮುಕಿ, ಸುಮಾರು 120 ಕಿ.ಮೀ. ಹರಿದು ತದಡಿಯ ಬಳಿ ಕಡಲನ್ನು ಸೇರುತ್ತದೆ. ಇಷ್ಟು ದೂರದಲ್ಲಿ ಎಲ್ಲಿಯೂ ಅದಕ್ಕೆ ದೊಡ್ಡ ಅಣೆಕಟ್ಟು ಅಡ್ಡ ಬಂದಿಲ್ಲ. ಪಕ್ಕದ ಶರಾವತಿಯ ಪಾಡನ್ನು ಬಲ್ಲವರಿಗೆ ಇದರ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಬಂದರನ್ನು ಬಿಟ್ಟು ಒಳನಾಡಿಗೆ ಹೋಗುವುದು ಈ ಜಿಲ್ಲೆಗೆ ಹೊಸತಲ್ಲ. ಅಮೆರಿಕದಲ್ಲಿ 1861ರಿಂದ 1865ರವರೆಗೆ ಅಂತರ್ಯುದ್ಧ ನಡೆದಾಗ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿಯ ಬರ ಬಂದಿತು. ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ಶಿರಸಿಯನ್ನು ಹಾದು, ದೇವಿಮನೆ ಘಟ್ಟವನ್ನಿಳಿದು ಕುಮಟಾ ಬಂದರಿಗೆ ಬರುತ್ತಿತ್ತು. ಹತ್ತಿಯ ಒಂದು ಗಿಡವನ್ನೂ ಬೆಳೆಯದ ಕುಮಟೆಯ ಹೆಸರು ‘ಕುಮಟಾ ಹತ್ತಿ’ ಎಂದು ವಿಲಾಯತಿಯ ಮಾರುಕಟ್ಟೆಯಲ್ಲಿ ನಿಂತಿತು. ಕೆಳಗಿನಿಂದ ಸಾಣಿಕಟ್ಟೆಯ ಉಪ್ಪು ಘಟ್ಟವನ್ನೇರುತ್ತಿತ್ತು. 1880ರ ದಶಕದಲ್ಲಿ ಗೋವೆಯ ಮರ್ಮಗೋವಾ ಬಂದರಿನಿಂದ ಘಟ್ಟದ ಮೇಲಕ್ಕೆ ರೈಲು ಹಾಕಲಾಯಿತು. ಕಾರವಾರಕ್ಕೆ ರೈಲು ತರುವ ಆಲೋಚನೆ ಹಿಂದೆ ಬಿದ್ದಿತು. ಸರಕು ರೈಲಿನ ದಾರಿ ಹಿಡಿಯಿತು, ಹುಬ್ಬಳ್ಳಿ ಬೆಳೆಯಿತು, ಕುಮಟೆ ಸೊರಗಿತು. ಕಡಲು ಅಲ್ಲಿಯೇ ಇತ್ತು, ಮೀನೂ ಇತ್ತು. ಬಂದರಿನ ಭವಿಷ್ಯವನ್ನು ನಿರ್ಧರಿಸಿದವರು ಮಾತ್ರ ಬಂದರಿನಲ್ಲಿ ಇರಲಿಲ್ಲ. ಹುಬ್ಬಳ್ಳಿ–ಅಂಕೋಲಾ ರೈಲಿನ ವಾದ ಇಂದಿಗೂ ಮುಗಿಯದಿರುವುದನ್ನು ನೋಡಿದರೆ ಆ ಅಧ್ಯಾಯ ಇನ್ನೂ ತೆರೆದೇ ಇದೆ.

ಇನ್ನು ತದಡಿಯ ಬದುಕು. ಅಳಿವೆಯಲ್ಲಿ ದಿನಕ್ಕೆರಡು ಬಾರಿ ಭರತ, ಎರಡು ಬಾರಿ ಇಳಿತ. ಇಳಿತದ ಹೊತ್ತಿಗೆ ನೀರು ಸರಿದು ಮರಳುದಿಬ್ಬಗಳು ತೋರುತ್ತವೆ. ಹೆಂಗಸರು ಬುಟ್ಟಿ ಹಿಡಿದು ಇಳಿದು ಬಳಚು ಆರಿಸುತ್ತಾರೆ. ಈ ಕೆಲಸಕ್ಕೆ ದೋಣಿ ಬೇಡ, ಬಂಡವಾಳ ಬೇಡ, ಯಾರ ಅಪ್ಪಣೆಯೂ ಬೇಡ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಂತ್ರದ ದೋಣಿಗಳಿಗೆ ನಿಷೇಧವಿರುತ್ತದೆ; ಆಗ ಬಂದರಿನಲ್ಲಿ ಕೂಲಿಯಿಲ್ಲ. ಅಂಥ ದಿನಗಳಲ್ಲಿ ಅನೇಕ ಮನೆಗಳ ಒಲೆ ಉರಿಯುವುದು ಅಳಿವೆಯ ಒಳಗಿನ ಮೀನಿನಿಂದ. ದಡದ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತ ಬೆಳೆಯುತ್ತದೆ. ಉಪ್ಪುನೀರನ್ನು ತಾಳುವ, ನೆರೆಯಲ್ಲಿ ನಿಂತರೂ ಬೇಗನೆ ಕೊಳೆಯದ ತಳಿ ಇದು. ಕೊಯ್ಲಾದ ಮೇಲೆ ತೂಬಿನ ಮೂಲಕ ಭರತದ ನೀರನ್ನು ಒಳಗೆ ಬಿಟ್ಟರೆ ಅದೇ ಗದ್ದೆಯಲ್ಲಿ ಮೀನು, ಸಿಗಡಿ. ಗೊಬ್ಬರವನ್ನು ನದಿಯೇ ತರುತ್ತದೆ. ಘಟ್ಟದ ಸೊಪ್ಪಿನ ಬೆಟ್ಟದಿಂದ ತೊಳೆದು ಬಂದ ಎಲೆಮಣ್ಣು ಕೊನೆಗೆ ತಂಗುವುದು ಇಲ್ಲಿಯೇ.

1990ರ ದಶಕದಲ್ಲಿ ಕರಾವಳಿಯ ಉದ್ದಕ್ಕೂ ಸಿಗಡಿ ಕೃಷಿಯ ಭರಾಟೆ ಬಂದಾಗ ಇಲ್ಲಿನ ಕೆಲವು ಗಜನಿಗಳೂ ಕೊಳಗಳಾದವು. ರೋಗ ಬಂದು ಕೊಳಗಳು ಪಾಳುಬಿದ್ದರೂ ಅಲ್ಲಿ ಕಗ್ಗ ಸುಲಭವಾಗಿ ಮರಳಲಿಲ್ಲ. ಸುಪ್ರೀಂ ಕೋರ್ಟು 1996ರ ಡಿಸೆಂಬರಿನಲ್ಲಿ ಸಿಗಡಿ ಕೊಳಗಳ ಕುರಿತು ಕಠಿಣ ತೀರ್ಪು ನೀಡಿತು, ನಿಜ. ಆದರೆ ಒಡೆದ ಒಡ್ಡನ್ನು ತೀರ್ಪು ಕಟ್ಟಿಕೊಡುವುದಿಲ್ಲ.

ಹಾಗಾದರೆ ಶಿರಸಿ? ಅದನ್ನು ಹಗುರವಾಗಿ ಕಾಣುವುದು ಅನ್ಯಾಯ. 1923ರಲ್ಲಿ ಸ್ಥಾಪಿತವಾದ ತೋಟಗಾರ್ಸ್ ಸೊಸೈಟಿ ಅಡಿಕೆ ಬೆಳೆಗಾರನನ್ನು ದಲಾಲಿಯ ಹಿಡಿತದಿಂದ ಬಿಡಿಸಲು ಹುಟ್ಟಿದ ಸಂಸ್ಥೆ; ಅಂಥ ಕಟ್ಟುವಿಕೆ ಬಂದರಿನ ಮೀನುಗಾರನಿಗೆ ಆ ಮಟ್ಟದಲ್ಲಿ ಒದಗಲಿಲ್ಲ. ಓದುವ ಮಗಳಿಗೆ ಕಾಲೇಜು, ಮುಪ್ಪಿನ ತಂದೆತಾಯಿಗೆ ವೈದ್ಯರು ಸನಿಹದಲ್ಲಿರುವುದು ಸಣ್ಣ ಮಾತಲ್ಲ. ದೊಡ್ಡ ಕಾಯಿಲೆಗೆ ಶಿರಸಿಯವರೂ ತದಡಿಯವರೂ ಹುಬ್ಬಳ್ಳಿಗೋ ಮಣಿಪಾಲಕ್ಕೋ ಓಡಬೇಕು. ಆ ವಿಷಯದಲ್ಲಿ ಇಬ್ಬರದೂ ಒಂದೇ ಪಾಡು. ಆದರೆ ಪೇಟೆಯಲ್ಲಿ ಸೈಟು ಕೊಂಡ ಕುಟುಂಬಕ್ಕೆ ನೀರು, ಸೌದೆ, ತರಕಾರಿ, ಹಾಲು ಪ್ರತಿಯೊಂದಕ್ಕೂ ನಗದು ಬೇಕು. ತೋಟ ಮಾರಿ ಬಂದ ಹಣ ಎಷ್ಟು ವರ್ಷ ನಡೆಯುತ್ತದೆ ಎಂಬ ಲೆಕ್ಕವನ್ನು ಹೆಚ್ಚಿನವರು ಮನೆ ಕಟ್ಟಿದ ಮೇಲೆ ಮಾಡುತ್ತಾರೆ. ನಗರದ ನಲ್ಲಿಗಳಿಗೆ ಬರುವುದೂ ಕೆಂಗ್ರೆ, ಮಾರಿಗದ್ದೆಗಳಿಂದ ಎತ್ತಿದ ಅಘನಾಶಿನಿಯ ಕಡೆಯ ನೀರೇ. ಈಚೆಗೆ ಕೇಳಿಬಂದಿರುವ ಅಘನಾಶಿನಿ–ವೇದಾವತಿ ಜೋಡಣೆಯ ಪ್ರಸ್ತಾಪ ಜಾರಿಯಾದರೆ ಅದರ ಪೆಟ್ಟು ಮೇಲಿನ ಹಳ್ಳಿಗೂ ಕೆಳಗಿನ ಅಳಿವೆಗೂ ಒಟ್ಟಿಗೇ ಬೀಳುತ್ತದೆ.

ಎರಡು ಊರುಗಳ ನಡುವಿನ ನಿಜವಾದ ಅಂತರ ಕಾಣುವುದು ದಾಖಲೆಯಲ್ಲಿ. ತೋಟಕ್ಕೆ ಪಹಣಿಯಿದೆ, ಸೈಟಿಗೆ ಖಾತೆಯಿದೆ. ಬಳಚು ಆರಿಸುವ ಮರಳುದಿಬ್ಬಕ್ಕೆ ಯಾರ ಹೆಸರಿನ ಪಹಣಿ? ಬಂದರಿನ ಊರಿನಲ್ಲಿ ಬಡವರ ಅತಿ ದೊಡ್ಡ ಆಸ್ತಿ ಯಾವ ಕಡತದಲ್ಲಿಯೂ ಇಲ್ಲ. ಇದೇ ಜಿಲ್ಲೆಯಲ್ಲಿ ಸೀಬರ್ಡ್ ನೌಕಾನೆಲೆಗಾಗಿ ಕಾರವಾರ–ಅಂಕೋಲಾ ನಡುವಿನ ಕಡಲಂಚಿನ ಹಳ್ಳಿಗಳಿಂದ ಸಾವಿರಾರು ಕುಟುಂಬಗಳನ್ನು ಎಬ್ಬಿಸಲಾಯಿತು. 1986ರಲ್ಲಿ ಅಡಿಗಲ್ಲು ಬಿದ್ದಿತು, 2005ರಲ್ಲಿ ನೆಲೆ ಕಾರ್ಯಾರಂಭ ಮಾಡಿತು. ಪರಿಹಾರದ ವ್ಯಾಜ್ಯಗಳು ದಶಕಗಳ ಕಾಲ ನಡೆದವು. ಅಳತೆಗೆ ಸಿಕ್ಕ ಜಮೀನಿಗೆ ದರ ಕಟ್ಟುವುದೇ ಅಷ್ಟು ಕಷ್ಟವಾದರೆ, ದೋಣಿ ಇಳಿಸುತ್ತಿದ್ದ ದಡಕ್ಕೆ ದರ ಕಟ್ಟುವ ಬಗೆ ಯಾವುದು?

ತದಡಿಗೆ ಇಂಥ ಗಂಡಾಂತರ ತಪ್ಪಿದ್ದು ತಾನಾಗಿ ಅಲ್ಲ. 2000ರ ದಶಕದಲ್ಲಿ ಅಲ್ಲಿ 4,000 ಮೆಗಾವಾಟಿನ ಉಷ್ಣವಿದ್ಯುತ್ ಸ್ಥಾವರದ ಯೋಜನೆ ಬಂದಿತು. ಮೀನುಗಾರರು, ಗಜನಿಯ ರೈತರು, ಘಟ್ಟದ ಮೇಲಿನವರು ಒಟ್ಟಾಗಿ ವಿರೋಧಿಸಿದ್ದರಿಂದ ಅದು ನಿಂತಿತು. ಆಮೇಲೆ ದೊಡ್ಡ ವಾಣಿಜ್ಯ ಬಂದರಿನ ಮಾತು ಬಂದಿತು. 2024ರ ಜನವರಿಯಲ್ಲಿ 4,801 ಹೆಕ್ಟೇರಿನ ಅಘನಾಶಿನಿ ಅಳಿವೆ ರಾಮ್‌ಸಾರ್ ತಾಣಗಳ ಪಟ್ಟಿಗೆ ಸೇರಿತು. ಸಂತೋಷದ ಸಂಗತಿ, ಆದರೆ ಪಟ್ಟಿಯಲ್ಲಿ ಸೇರಿದ ಮಾತ್ರಕ್ಕೆ ದಿಬ್ಬದ ಮೇಲಿನ ಹಕ್ಕು ಬಳಚು ಆರಿಸುವವಳ ಕೈಗೆ ಬರುವುದಿಲ್ಲ.

ಆದ್ದರಿಂದ ಕಡಲು ಚೆಂದವೆಂದು ತದಡಿಗೆ ಹೋಗುವವರು ಒಂದು ಮಾತನ್ನು ಗಮನಿಸಬೇಕು. ಗೋಕರ್ಣದ ಸುತ್ತ ಹೋಂಸ್ಟೇಗಾಗಿ ಜಾಗ ಹುಡುಕುವವರು ಹೆಚ್ಚಿದಂತೆ ಗುಂಟೆಯ ಬೆಲೆ ಏರುತ್ತದೆ. ದಡದ ಅಂಬಿಗರು, ಹರಿಕಾಂತರು, ಹಾಲಕ್ಕಿಗಳು ಹಿಂದಕ್ಕೆ ಸರಿಯುತ್ತಾರೆ. ಬಂದರಿನ ಕಸುಬಿನಲ್ಲಿ ಕೈ ಹಾಕಲು ಸಿದ್ಧರಿರುವವರಿಗೆ, ಗಜನಿಯನ್ನು ಗೇಣಿಗೆ ಪಡೆದು ಕಗ್ಗ ಬಿತ್ತುವವರಿಗೆ, ಊರಿನ ಮೀನುಗಾರರ ಸಂಘದೊಡನೆ ದುಡಿಯುವವರಿಗೆ ತದಡಿ ಒಳ್ಳೆಯ ಆಯ್ಕೆ. ಬರೀ ಕಿಟಕಿಯ ನೋಟಕ್ಕಾಗಿ ಹೋಗುವವರಿಗೆ ಶಿರಸಿಯೇ ಮೇಲು. ಪೇಟೆಯಲ್ಲಿ ಅವರಿಂದಾಗುವ ಕೇಡು ಕಡಿಮೆ.

ಹೋಗಲು ನಿಶ್ಚಯಿಸಿದವರು ಏಪ್ರಿಲ್–ಮೇ ತಿಂಗಳಲ್ಲಿ ಅಲ್ಲಿನ ಬಾವಿಯ ನೀರನ್ನು ಕುಡಿದು ನೋಡಬೇಕು, ಬೇಸಗೆಯಲ್ಲಿ ಉಪ್ಪಾಗುವ ಬಾವಿಗಳು ಅಲ್ಲಿ ಅನೇಕ. ಜುಲೈಯಲ್ಲಿ ಒಮ್ಮೆ ತಾರಿಯ ಕಡವಿನ ಬಳಿ ನಿಂತು ನೆರೆಯ ಮಟ್ಟವನ್ನು ಕಾಣಬೇಕು. ಕರಾರು ಬರೆಯುವ ಮೊದಲು ಕರಾವಳಿ ವಲಯ ನಿರ್ವಹಣಾ ಯೋಜನೆಯ ನಕ್ಷೆಯಲ್ಲಿ ಆ ಸರ್ವೆ ನಂಬರನ್ನು ಹುಡುಕಿ, ಭರತದ ಗೆರೆ ಎಲ್ಲಿ ಹಾದುಹೋಗಿದೆಯೆಂದು ತಿಳಿಯಬೇಕು. ನಿಯಮಗಳು 1991ರಲ್ಲಿ ಬಂದವು, 2011ರಲ್ಲಿ ಬದಲಾದವು, 2019ರಲ್ಲಿ ಇನ್ನೊಮ್ಮೆ ಬದಲಾದವು. ಹಳೆಯ ನಕ್ಷೆಯನ್ನು ತೋರಿಸಿ ಜಾಗ ಮಾರುವವರೂ ಇರುತ್ತಾರೆ.