ನಾಲ್ಕನೆಯ ಮೇಣದಬತ್ತಿ

ದೊಡ್ಡಬಳ್ಳಾಪುರದ ಮಗ್ಗಗಳ ಸದ್ದಿನಲ್ಲಿಯೇ ಬೆಳೆದ ನಾನು, ಮಗನ ಉದ್ಯೋಗದ ನಿಮಿತ್ತ ಜರ್ಮನಿಯ ಟ್ಯೂಬಿಂಗನ್ ನಗರದಲ್ಲಿ ಒಂದು ಡಿಸೆಂಬರ್ ಮಾಸವನ್ನು ಕಳೆಯಬೇಕಾಗಿ ಬಂದಾಗ, ನಾಲ್ಕೂವರೆ ಗಂಟೆಗೇ ಅಸ್ತಂಗತನಾಗುವ ಸೂರ್ಯನನ್ನು ಕಂಡು ಮೊದಮೊದಲು ಖಿನ್ನನಾದೆನು. ಆ ಕತ್ತಲೆಗೆ ಅಲ್ಲಿಯ ಜನ ಕೊಡುವ ಉತ್ತರವನ್ನು ನಾನು ಕಂಡದ್ದು ನೆರೆಮನೆಯ ವೃದ್ಧೆಯ ಮೇಜಿನ ಮೇಲೆ. ಹಸುರು ರೆಂಬೆಗಳ ವರ್ತುಲದಲ್ಲಿ ನಾಲ್ಕು ಮೇಣದಬತ್ತಿಗಳು. ಕ್ರಿಸ್‌ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳಲ್ಲಿ ಮೊದಲ ವಾರ ಒಂದು, ಮರುವಾರ ಎರಡು, ಹೀಗೆ ಬೆಳಕು ವರ್ಧಿಸುತ್ತ ಹೋಗುವುದು. ಡಿಸೆಂಬರ್ 5ರ ರಾತ್ರಿ ಮಕ್ಕಳು ತಮ್ಮ ಪಾದರಕ್ಷೆಗಳನ್ನು ಬಾಗಿಲಾಚೆ ಇಡುವರು; ಬೆಳಗಾಗುವಷ್ಟರಲ್ಲಿ ಸಂತ ನಿಕೊಲಾಸನು ಅವುಗಳಲ್ಲಿ ಕಿತ್ತಳೆ, ಮಿಠಾಯಿಗಳನ್ನು ತುಂಬಿರುವನು. (ನಮ್ಮ ಜಾತ್ರೆಗಳಲ್ಲಿ ಹೊರಗೆ ಬಿಟ್ಟ ಚಪ್ಪಲಿ ಮರಳಿ ಸಿಕ್ಕುವುದೇ ಉಡುಗೊರೆ!)

ನನ್ನ ಭಾಷೆ ಯಾವುದೆಂದು ವೃದ್ಧೆ ಕೇಳಿದಾಗ ನೆನಪಾದವರು ಫರ್ಡಿನೆಂಡ್ ಕಿಟ್ಟೆಲ್. 1853ರಲ್ಲಿ ಕನ್ನಡನಾಡಿಗೆ ಬಂದು, 1894ರಲ್ಲಿ ಕನ್ನಡಕ್ಕೆ ಮಹಾನಿಘಂಟನ್ನಿತ್ತು, 1903ರಲ್ಲಿ ಇದೇ ಟ್ಯೂಬಿಂಗನ್ನಿನಲ್ಲಿ ಕಣ್ಮುಚ್ಚಿದ ಆ ಮಹನೀಯರು, ಹಿಮವೂ ಇಲ್ಲದ, ದೇವದಾರುವೂ ಇಲ್ಲದ ಧಾರವಾಡ ಮಂಗಳೂರುಗಳಲ್ಲಿ ಎಷ್ಟು ಕ್ರಿಸ್‌ಮಸ್ಸುಗಳನ್ನು ಕಳೆದರೋ, ಆಗ ಯಾವ ಕನ್ನಡದ ತಾಯಿ ಅವರ ಕೈಗೆ ಹೋಳಿಗೆಯನ್ನೋ ಚಕ್ಕುಲಿಯನ್ನೋ ಇತ್ತಳೋ ಎಂದು ಯೋಚಿಸುತ್ತ ಕುಳಿತೆನು. ಪರದೇಶಿಯ ಹಬ್ಬವೆಂಬುದು ಬಹುಮಟ್ಟಿಗೆ ನೆರೆಹೊರೆಯವರ ಔದಾರ್ಯ.

ನಾಲ್ಕನೆಯ ಭಾನುವಾರ ವೃದ್ಧೆ ಬೆಂಕಿಪೊಟ್ಟಣವನ್ನು ನನ್ನ ಕಡೆಗೇ ಸರಿಸಿದಳು. ನಮ್ಮೂರ ಬಳಿಯ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯ ಧೂಳು, ಮೂಲೆಮೂಲೆಗೆ ಉರಿಯುವ ಹುಲ್ಲಿನ ಬೆಂಕಿ ಕಣ್ಣಿಗೆ ಕಟ್ಟಿದುವು. ಕಡ್ಡಿ ಗೀರಿದೆನು.